ಕೊಬ್ಬರಿ ಅಟ್ಟದ ಕೆಳಗಿನ ಕ್ಯಾಮೆರಾ

2007ರಲ್ಲಿ ನಾನು ತಿಪಟೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಎಂಜಿನಿಯರ್ ಎನ್ನುವುದು ಅಂಗಡಿಯ ಬೋರ್ಡಿನ ಮೇಲಿದ್ದ ಮಾತು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ತಾಲ್ಲೂಕೂ ನನ್ನ ಪಾಲಿಗೆ ಬಂದಿದ್ದವು. ಒಂದು ಹಳೆಯ ಲ್ಯಾಪ್‌ಟಾಪು, ಸ್ಕ್ರೂಡ್ರೈವರುಗಳು, ಡ್ರೈವರ್ ಸಿ.ಡಿ.ಗಳ ಪೌಚು, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಸುತ್ತುತ್ತಿದ್ದೆ. ಮಂಡಿಗಳ ಪ್ರಿಂಟರಿನಲ್ಲಿ ಕೊಬ್ಬರಿ ಧೂಳು, ಕಾಲೇಜು ಲ್ಯಾಬಿನಲ್ಲಿ ವೈರಸ್ಸು, ಪವರ್ ಸಪ್ಲೈ ಒಳಗೆ ಸತ್ತ ಹಲ್ಲಿ, ಇವೇ ನನ್ನ ದಿನದ ಕೇಸುಗಳು. ನಾನು ಮುಟ್ಟಿದ ಯಂತ್ರ ಇನ್ನೊಮ್ಮೆ ರಿಪೇರಿಗೆ ಬರುವುದಿಲ್ಲ ಎಂಬ ಜಂಬ ನನಗೆ ಸಾಕಷ್ಟಿತ್ತು. ಆ ಜಂಬ ಇಳಿದದ್ದು ಹೇಗೆ ಎಂದು ಹೇಳುವ ಕಥೆ ಇದು. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ರುದ್ರಪ್ಪನವರು ಕೊಬ್ಬರಿ ವ್ಯಾಪಾರಿಗಳು. ಮುಂದುಗಡೆ ಮಂಡಿ, ಅದರ ಹಿಂದೆಯೇ ಮನೆ. ಅವರ ಒಬ್ಬನೇ ಮಗ ಮಂಜುನಾಥನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಪುಣೆಯ ಒಂದು ಮುದ್ರಣಾಲಯದಲ್ಲಿ ಆಫ್‌ಸೆಟ್ ಯಂತ್ರ ನಡೆಸುತ್ತಿದ್ದ. ಹೆಂಡತಿ ಕಮಲಾಕ್ಷಿ ಹುಳಿಯಾರು ಕಡೆಯವಳು. ಅದೇ ಶಾಲೆಯಲ್ಲಿ ಓದಿದವಳು, ಅವಳಿಗೂ ಕಿವಿ ಕೇಳಿಸದು. ಪುಣೆಯಲ್ಲಿ ಒಂದು ಮನೆ ಗೊತ್ತಾಗುವವರೆಗೆ ಅತ್ತೆ ಮಾವನ ಜೊತೆ ಇರಲಿ ಎಂದು ಮಂಜುನಾಥ ಅವಳನ್ನು ಇಲ್ಲಿ ಬಿಟ್ಟಿದ್ದ. ಗೌರಿ ಹಬ್ಬಕ್ಕೆ ಬಂದು ಹದಿನೈದು ದಿನ ಇದ್ದು ಹೋಗಿದ್ದ.

ಶಾಲೆಯಲ್ಲಿ ಕಲಿತ ಸನ್ನೆಭಾಷೆಯಲ್ಲಿ ಗಂಡ ಹೆಂಡತಿ ಏನು ಬೇಕಾದರೂ ಮಾತಾಡುತ್ತಿದ್ದರು. ಮನೆಯ ಉಳಿದವರಿಗೆ ಬರುತ್ತಿದ್ದದ್ದು ಊಟ, ನೀರು, ಬಾ, ಸಾಕು, ಈ ನಾಲ್ಕು ಸನ್ನೆ. ಅಂದರೆ ಮಂಜುನಾಥ ಪುಣೆಗೆ ಹೋದ ಮೇಲೆ ಆ ತುಂಬಿದ ಮನೆಯಲ್ಲಿ ಕಮಲಾಕ್ಷಿಯ ಜೊತೆ ಮಾತಾಡುವವರು ಒಬ್ಬರೂ ಇರಲಿಲ್ಲ. ಊರಿಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ರುದ್ರಪ್ಪನವರು ಅದರ ಸುದ್ದಿ ಕೇಳಿ ನೇರವಾಗಿ ನಮ್ಮ ಅಂಗಡಿಗೆ ಬಂದರು.

"ನೋಡಪ್ಪ ನಾಗರಾಜ, ಮಗ ಸೊಸೆ ವಾರಕ್ಕೊಂದ್ಸಲನಾರ ಮುಖ ನೋಡ್ಕಂಡು ಮಾತಾಡ್ಬೇಕು. ನಮಗಂತೂ ಅವಳ ಮಾತು ಗೊತ್ತಾಗಕಿಲ್ಲ. ಬಳೆ ಸದ್ದು ಕೇಳಿದ್ರೆ ಎದ್ದವ್ಳೆ, ಓಡಾಡ್ತವ್ಳೆ ಅಂತ ತಿಳೀತದೆ, ಅಷ್ಟೆಯಾ" ಎಂದರು.

ಸೊಸೆಯ ಬಗ್ಗೆ ಇಷ್ಟು ಯೋಚಿಸುವ ಮಾವಂದಿರು ಕಡಿಮೆ. ಈ ಕಥೆಯಲ್ಲಿ ಕೆಟ್ಟವರು ಯಾರು ಎಂದು ಹುಡುಕುವವರು ರುದ್ರಪ್ಪನವರ ಕಡೆ ನೋಡಬೇಕಾಗಿಲ್ಲ.

ಕಂಪ್ಯೂಟರನ್ನು ಒಳಗಿನ ಕೋಣೆಯಲ್ಲಿ ಇಟ್ಟೆ. ಅದು ಕಮಲಾಕ್ಷಿಯ ಕೋಣೆ, ಬಾಗಿಲು ಹಾಕಿಕೊಳ್ಳಬಹುದು. ಅದರ ಮೇಲೆ ಅಟ್ಟ. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತಾರೆ. ನೀರೆಲ್ಲ ಆರಿ, ಅಲ್ಲಾಡಿಸಿದರೆ ಒಳಗೆ ಒಣಗಿದ ತಿರುಳು, ಅಂದರೆ ಗಿಟಕು, ಗಡಗಡ ಎನ್ನಬೇಕು. ರುದ್ರಪ್ಪನವರ ತೋಟದ ಕಾಯಿಯೆಲ್ಲ ಆ ಅಟ್ಟದ ಮೇಲೆಯೇ ಇತ್ತು. ಎಣ್ಣೆ ಪದಾರ್ಥ, ಒಂದು ಕಿಡಿ ಬಿದ್ದರೆ ಮನೆಯೇ ಹೋಗುತ್ತದೆ. ಹಾಗಾಗಿ ಅಟ್ಟದ ಕೆಳಗೆ ಒಂದೇ ಒಂದು ಮಂದ ಬಲ್ಬು. ಹೊಸ ವೈರು ಎಳೆಯುವಂತಿಲ್ಲ, ಬಿಸಿಯಾಗುವ ದೀಪ ತರುವಂತಿಲ್ಲ. ಅವರ ತಾತನ ಕಾಲದಿಂದ ಬಂದ ಕಟ್ಟುಪಾಡು. ಮಂಡಿಯ ಕಡೆ ಗೋಡೆಯಲ್ಲಿ ಮೊದಲೇ ಒಂದು ಪ್ಲಗ್ ಇದ್ದದ್ದರಿಂದ ಕಂಪ್ಯೂಟರಿಗೆ ಮಾತ್ರ ಅನುಮತಿ ಸಿಕ್ಕಿತು.

ಮೊದಲ ತೊಂದರೆ ಚಾಟ್ ತಂತ್ರಾಂಶದ್ದು. ಅದು ಕ್ಯಾಮೆರಾದ ಚಿತ್ರದ ಅಂಚುಗಳನ್ನು ಕತ್ತರಿಸಿ ಮುಖವನ್ನಷ್ಟೇ ತೋರಿಸುತ್ತಿತ್ತು. ಬಾಯಲ್ಲಿ ಮಾತಾಡುವವರಿಗೆ ಅಷ್ಟು ಸಾಕು. ಕೈಯಲ್ಲಿ ಮಾತಾಡುವವರ ಮಾತೇ ಕತ್ತರಿಸಿಹೋಗುತ್ತಿತ್ತು. ಇದಕ್ಕೆ ನಾನು ವರ್ಚುವಲ್ ಕ್ಯಾಮೆರಾ ಡ್ರೈವರ್ ಹಾಕಿದೆ. ಇದು ನಿಜವಾದ ಕ್ಯಾಮೆರಾ ಅಲ್ಲ, ತಾನೇ ಕ್ಯಾಮೆರಾ ಎಂದು ಕಂಪ್ಯೂಟರನ್ನು ನಂಬಿಸುವ ಒಂದು ತಂತ್ರಾಂಶ. ಮಂಡಿಯ ದಲಾಲಿಯ ಹಾಗೆ ನಡುವೆ ನಿಂತು, ನಿಜವಾದ ಕ್ಯಾಮೆರಾದಿಂದ ಚಿತ್ರ ತೆಗೆದುಕೊಂಡು, ಅಳತೆ ಹೊಂದಿಸಿ ಚಾಟ್ ತಂತ್ರಾಂಶಕ್ಕೆ ದಾಟಿಸುತ್ತದೆ. ಇನ್ನೊಂದು ಅನುಕೂಲವೂ ಇತ್ತು. ಅದೇ ಚಿತ್ರವನ್ನು ಎರಡು ಕಡೆಗೆ ಕೊಡಬಹುದು: ಒಂದು ಚಾಟಿಗೆ, ಇನ್ನೊಂದು ರೆಕಾರ್ಡಿಂಗಿಗೆ. ಈ ಎರಡನೆಯ ಅನುಕೂಲವೇ ನನ್ನ ಕೊರಳಿಗೆ ಸುತ್ತಿಕೊಂಡಿತು.

ಮೊದಲ ಭಾನುವಾರ ಹನ್ನೊಂದು ಗಂಟೆಗೆ ಪುಣೆಯ ಒಂದು ಸೈಬರ್ ಸೆಂಟರಿನಲ್ಲಿ ಮಂಜುನಾಥ ಕಾಣಿಸಿಕೊಂಡ. ಕಮಲಾಕ್ಷಿಯ ಮುಖ ಅರಳಿತು. ಎರಡೂ ಕೈ ಎತ್ತಿ ಏನೋ ಹೇಳತೊಡಗಿದಳು. ಆ ಕಡೆ ಮಂಜುನಾಥ ಹುಬ್ಬು ಗಂಟಿಕ್ಕಿ ಬೆರಳು ತಿರುಗಿಸಿದ. ಇನ್ನೊಮ್ಮೆ ಎಂದು ನನಗೂ ತಿಳಿಯಿತು. ಅವಳು ಮತ್ತೆ ಹೇಳಿದಳು, ನಿಧಾನವಾಗಿ. ಅವನು ಮತ್ತೆ ಬೆರಳು ತಿರುಗಿಸಿದ. ಅರ್ಧ ಗಂಟೆ ಇದೇ ನಡೆಯಿತು. ಕೊನೆಗೆ ಇಬ್ಬರೂ ಕೈ ಕೆಳಗಿಟ್ಟು ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತಾ ಕುಳಿತರು.

ವಿಡಿಯೊ ಎಂದರೆ ಒಂದರ ಹಿಂದೆ ಒಂದು ಬರುವ ನಿಂತ ಚಿತ್ರಗಳು. ಸೆಕೆಂಡಿಗೆ ಎಷ್ಟು ಚಿತ್ರ ಎಂಬುದೇ ಫ್ರೇಮ್ ರೇಟ್. ಹದಿನೈದರ ಹತ್ತಿರ ಇದ್ದರೆ ಕೈಯ ಚಲನೆ ತಿಳಿಯುತ್ತದೆ. ನಮ್ಮಲ್ಲಿ ಬರುತ್ತಿದ್ದದ್ದು ಐದು. ಒಂದು ಪದಕ್ಕೆ ಮೂರು ಅಕ್ಷರವಿದ್ದರೆ ಎರಡನ್ನು ನುಂಗಿ ಮಾತಾಡಿದ ಹಾಗೆ. ಆ ಹೆಣ್ಣುಮಗಳು ವಾರವಿಡೀ ಒಳಗೆ ಇಟ್ಟುಕೊಂಡ ಮಾತೆಲ್ಲ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟಿತ್ತು.

ನಾನು ಕ್ರಮವಾಗಿ ಹೊರಟೆ. ಮೊದಲು ಆಡಿಯೊ ಪೂರ್ತಿ ಬಂದ್ ಮಾಡಿದೆ. ಮಾತಾಡದವರಿಗೆ ಧ್ವನಿಯ ಹೊರೆ ಏಕೆ, ಆ ಜಾಗವೂ ಚಿತ್ರಕ್ಕೇ ಸಿಗಲಿ ಎಂಬುದು ನನ್ನ ಲೆಕ್ಕ. ಚಿತ್ರದ ಅಳತೆಯನ್ನು ಅರ್ಧಕ್ಕೆ ಇಳಿಸಿದೆ. ದೊಡ್ಡ ಚಿತ್ರವನ್ನು ಒಂದು ಬಣ್ಣದ ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುವುದರಲ್ಲೇ ಡ್ರೈವರು ಪ್ರೊಸೆಸರಿನ ಜೀವ ಹಿಂಡುತ್ತಿತ್ತು. ಆ ಹೊರೆ ಇಳಿಯಿತು. ಆಮೇಲೆ ಡ್ರೈವರಿನ ಸೆಟ್ಟಿಂಗಿನಲ್ಲಿ ಹದಿನೈದು ಎಂದು ನಮೂದಿಸಿದೆ. ಮುಂದಿನ ಭಾನುವಾರ ಪರದೆಯ ಮೂಲೆಯಲ್ಲಿ ಫ್ರೇಮು ಎಣಿಸುವ ಕೌಂಟರು ಹದಿನೈದು ಎಂದು ತೋರಿಸಿತು. ನಾನು ಗೆದ್ದೆ ಅಂದುಕೊಂಡೆ.

ಕಮಲಾಕ್ಷಿ ತಲೆ ಅಲ್ಲಾಡಿಸಿದಳು, ಇಲ್ಲ ಎಂದು. ನಾನು ಕೌಂಟರಿನ ಕಡೆ ಬೆರಳು ಮಾಡಿದೆ. ಅವಳು ಗಂಡನ ಮುಖದ ಕಡೆ ಬೆರಳು ಮಾಡಿದಳು. ಅವನು ಇನ್ನೂ 'ಮತ್ತೊಮ್ಮೆ' ಎನ್ನುತ್ತಿದ್ದ. ನಾನು ಮತ್ತೆ ಕೌಂಟರು ತೋರಿಸಿದೆ, ಸ್ವಲ್ಪ ಜೋರಾಗಿಯೇ. ಕಿವಿ ಕೇಳದವರ ಹತ್ತಿರ ಬೆರಳಿನಲ್ಲೂ ಜೋರು ಮಾಡಬಹುದು ಎಂದು ಅವತ್ತು ಕಂಡುಕೊಂಡೆ.

ಅವಳ ಮಾತೇ ನಿಜ. ನಾನು ಆ ಹೊತ್ತಿನ ವಿಡಿಯೊವನ್ನು ರೆಕಾರ್ಡ್ ಮಾಡಿಕೊಂಡು ಅಂಗಡಿಗೆ ತಂದು ಒಂದೊಂದೇ ಫ್ರೇಮನ್ನು ಸರಿಸಿ ನೋಡಿದೆ. ಮೂರು ಮೂರು ಫ್ರೇಮು ಒಂದೇ ಆಗಿದ್ದವು. ಡ್ರೈವರು ಐದು ಚಿತ್ರವನ್ನೇ ಮೂರು ಮೂರು ಸಲ ದಾಟಿಸಿ ಹದಿನೈದರ ಲೆಕ್ಕ ಒಪ್ಪಿಸುತ್ತಿತ್ತು. ದಲಾಲಿಯ ಕಳ್ಳತನ ಸಿಕ್ಕಿತು ಎಂದುಕೊಂಡು ಅದನ್ನು ತೆಗೆದು ಇನ್ನೊಂದು ಆವೃತ್ತಿ ಹಾಕಿದೆ, ಅದನ್ನೂ ತೆಗೆದು ಮತ್ತೊಂದು. ಡ್ರೈವರ್ ತಯಾರಿಸಿದ ಹೊರದೇಶದ ಕಂಪನಿಗೆ ಆ ತುಣುಕನ್ನು ಇ-ಮೇಲಿನಲ್ಲಿ ಕಳಿಸಿ ದೂರು ಕೊಟ್ಟೆ. ಅವರು ಉತ್ತರ ಬರೆಯಲಿಲ್ಲ.

ಕೊನೆಗೆ ಡ್ರೈವರನ್ನು ಬದಿಗಿಟ್ಟು ಬರೀ ಕ್ಯಾಮೆರಾವನ್ನು ಪರೀಕ್ಷಿಸಿದೆ. ಅದೇ ಐದು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಚೀಲದಲ್ಲಿದ್ದ ಟಾರ್ಚನ್ನು ಹೊತ್ತಿಸಿ ಕ್ಯಾಮೆರಾ ಮುಂದೆ ಹಿಡಿದೆ. ಐದಿದ್ದದ್ದು ಎಂಟಾಯಿತು, ಹತ್ತಾಯಿತು. ವೆಬ್‌ಕ್ಯಾಮೆರಾ ಕತ್ತಲಲ್ಲಿ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಒಂದು ಚಿತ್ರಕ್ಕೆ ಹೆಚ್ಚು ಹೊತ್ತು ಹಿಡಿದರೆ ಸೆಕೆಂಡಿಗೆ ಬರುವ ಚಿತ್ರ ಕಡಿಮೆಯಾಗುತ್ತದೆ. ರೋಗ ಡ್ರೈವರಿನದ್ದಲ್ಲ, ಅಟ್ಟದ ಕೆಳಗಿನ ಕತ್ತಲಿನದ್ದು.

ಇಲ್ಲೊಂದು ದೀಪ ಇಡೋಣವೇ ಎಂದು ಕೇಳಿದೆ. "ಅಟ್ಟದ ಕೆಳಗೆ ಬ್ಯಾಡ ಕಣಪ್ಪ, ಬೇರೆ ಏನಾರ ಮಾಡು" ಎಂದರು ರುದ್ರಪ್ಪ. ನಾನೂ ಒತ್ತಾಯ ಮಾಡಲಿಲ್ಲ. ಸುಲಭದ ದಾರಿ ಕಣ್ಣೆದುರೇ ಇತ್ತು: ಮೇಜನ್ನು ಮುಂದಿನ ಹಜಾರಕ್ಕೆ ಎತ್ತಿಡುವುದು. ಮಂಡಿಯ ದೊಡ್ಡ ಬಾಗಿಲಿನಿಂದ ಅಲ್ಲಿಗೆ ಧಾರಾಳ ಬೆಳಕು. ಕಮಲಾಕ್ಷಿ ಕೋಣೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಂಪ್ಯೂಟರು ಹೊರಗೆ ಹೋಗುವುದನ್ನು ನೋಡಿದಳು. ಎರಡು ಸಲ ಏನೋ ಹೇಳಿದಳು. ನಾವು ಇಬ್ಬರೂ ನಗುತ್ತಾ ತಲೆ ಆಡಿಸಿದೆವು, ಒಳ್ಳೆಯದೇ ಆಗುತ್ತದೆ ಎನ್ನುವ ಹಾಗೆ.

ಮುಂದಿನ ಭಾನುವಾರ ಹಜಾರದಲ್ಲಿ ಹದಿನಾಲ್ಕು, ಹದಿನೈದು ಫ್ರೇಮು ಬಂತು. ಈ ಸಲ ನಿಜವಾದದ್ದು. ಮಂಜುನಾಥ ಒಮ್ಮೆಯೂ ಬೆರಳು ತಿರುಗಿಸಲಿಲ್ಲ. ಅತ್ತೆ, ಮಾವ, ಮಂಡಿಗೆ ಬಂದ ಇಬ್ಬರು ರೈತರು, ನಾನು, ಎಲ್ಲ ಸುತ್ತ ನಿಂತು ನೋಡಿದೆವು. ಕಮಲಾಕ್ಷಿ ಮೊದಲು ನಮ್ಮನ್ನೆಲ್ಲ ಒಮ್ಮೆ ನೋಡಿ ಹಿಂಜರಿದಳು. ಇವರಿಗೆ ಹೇಗೂ ಅರ್ಥವಾಗದು ಎಂದು ಧೈರ್ಯ ಮಾಡಿರಬೇಕು. ಆಮೇಲೆ ಕೈ ಹರಿಯಿತು. ಮಧ್ಯೆ ಒಮ್ಮೆ ಅತ್ತಳು, ಒಮ್ಮೆ ನಕ್ಕಳು. ಎರಡೂ ನನಗೆ ಚೆನ್ನಾಗಿ ಕಂಡವು. ನಾನು ಸಮಾಧಾನವಾಗಿ ಅದನ್ನೂ ರೆಕಾರ್ಡ್ ಮಾಡಿಕೊಂಡೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಎದೆಯುಬ್ಬಿಸಿಕೊಂಡು ಬರೆಯುತ್ತಿದ್ದೆ.

ನಮ್ಮ ಅಂಗಡಿಯ ಮಾಲೀಕರು ಸದಾಶಿವಯ್ಯ. ಅದೇ ವಾರ ಊರಿನ ಒಂದು ಕಲ್ಯಾಣಮಂಟಪದಲ್ಲಿ ಕಂಪ್ಯೂಟರ್ ಪ್ರದರ್ಶನ ಏರ್ಪಡಿಸಿದ್ದರು. ವ್ಯಾಪಾರಿಗಳಿಗೆ, ರೈತರಿಗೆ ಬ್ರಾಡ್‌ಬ್ಯಾಂಡ್ ವಿಡಿಯೊ ತೋರಿಸಿ ಒಂದಿಷ್ಟು ಸೆಟ್ಟು ಮಾರುವ ಉದ್ದೇಶ. "ಮೊದ್ಲು ಹೆಂಗಿತ್ತು, ನೀನು ಕೈ ಹಾಕಿದ್ಮೇಲೆ ಹೆಂಗಾಯ್ತು, ಎರಡೂ ತೋರ್ಸು ನಾಗರಾಜ. ಬಾಯಲ್ಲಿ ಹೇಳಿದ್ರೆ ಯಾರೂ ಕೊಂಡ್ಕಳಕಿಲ್ಲ" ಎಂದರು. ನಾನು ಎರಡು ರೆಕಾರ್ಡಿಂಗನ್ನೂ ಸಿ.ಡಿ.ಗೆ ಹಾಕಿದೆ. ರುದ್ರಪ್ಪನವರನ್ನು ಕೇಳಿದೆ. "ತೋರ್ಸಪ್ಪ, ಅದ್ರಾಗೇನಿದೆ" ಎಂದು ಸಂತೋಷದಿಂದ ತಾವೇ ಮುಂದಿನ ಸಾಲಿನಲ್ಲಿ ಬಂದು ಕುಳಿತರು. ಕಮಲಾಕ್ಷಿಯನ್ನು ಕೇಳಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಏಕೆ ಹೊಳೆಯಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಬೇರೆ ಯಾವ ಗಂಡ ಹೆಂಡತಿಯ ಫೋನ್ ಮಾತನ್ನಾದರೂ ಟೇಪ್ ಮಾಡಿ ಕಲ್ಯಾಣಮಂಟಪದಲ್ಲಿ ಹಾಕುತ್ತಿದ್ದೆನೇ? ಹಾಕಿದ್ದರೆ ಜನ ಚಪ್ಪಲಿ ತೆಗೆದುಕೊಳ್ಳುತ್ತಿದ್ದರು. ಈ ವಿಡಿಯೊದಲ್ಲಿ ಧ್ವನಿ ಇರಲಿಲ್ಲ. ಧ್ವನಿ ಇಲ್ಲ, ಆದ್ದರಿಂದ ಮಾತಿಲ್ಲ ಎಂದು ನನ್ನ ತಲೆ ಲೆಕ್ಕ ಹಾಕಿತ್ತು. ಅವಳ ಕೈಗಳು ನನಗೆ ಫ್ರೇಮ್ ರೇಟ್ ಅಳೆಯಲು ಸಿಕ್ಕ, ವೇಗವಾಗಿ ಚಲಿಸುವ ಒಂದು ವಸ್ತು, ಅಷ್ಟೇ.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಮೊದಲು ಐದು ಫ್ರೇಮಿನ ತುಣುಕು ಹಾಕಿದೆ. "ನೋಡಿ, ಕೈ ಹೆಂಗೆ ಎಗರ್ತಾ ಇದೆ" ಎಂದೆ. ಜನ ನಕ್ಕರು. ಆಮೇಲೆ ಎರಡನೆಯದು. ಗೋಡೆಯಷ್ಟು ದೊಡ್ಡದಾಗಿ ಕಮಲಾಕ್ಷಿ ಬಂದಳು. ನಾನು ಒಂದು ಕೋಲು ಹಿಡಿದು ಅವಳ ಬೆರಳುಗಳನ್ನು ಮುಟ್ಟಿ ಮುಟ್ಟಿ ತೋರಿಸಿದೆ. "ಒಂದೊಂದು ಬೆರಳೂ ಸ್ಪಷ್ಟವಾಗಿ ಕಾಣ್ತಾ ಇದೆ ನೋಡಿ."

ಕಾಣುತ್ತಿತ್ತು. ಹಂದನಕೆರೆಯ ಭಾಗ್ಯ ಎಂಬ ಹೆಣ್ಣುಮಗಳಿಗೂ ಕಾಣುತ್ತಿತ್ತು. ಆಕೆಗೂ ಕಿವಿ ಕೇಳದು. ಕಮಲಾಕ್ಷಿಯ ಜೊತೆ ಮೈಸೂರಿನಲ್ಲಿ ಓದಿದವಳು. ಕೊಬ್ಬರಿ ಮಾರಲು ಬಂದಿದ್ದ ಅಣ್ಣ ಈರಣ್ಣನ ಜೊತೆ ಪ್ರದರ್ಶನ ನೋಡಲು ಬಂದಿದ್ದಳು. ತಂಗಿಯ ಜೊತೆಯಲ್ಲೇ ಬೆಳೆದ ಈರಣ್ಣನಿಗೆ ಅವಳ ಭಾಷೆ ಚೆನ್ನಾಗಿ ಬರುತ್ತಿತ್ತು. ಗೆಳತಿಯನ್ನು ಗೋಡೆಯ ಮೇಲೆ ಕಂಡು ಭಾಗ್ಯ ಖುಷಿಯಿಂದ ಎದ್ದು ನಿಂತಳು, ಅಣ್ಣನ ಕಡೆ ತಿರುಗಿ ಏನೋ ಹೇಳಿದಳು. ಈರಣ್ಣ ಅಲ್ಲಿಂದಲೇ ಕೂಗಿದ: "ರುದ್ರಪ್ಪಣ್ಣ, ಅಜ್ಜ ಆಯ್ತಾ ಇದೀರಂತಲ್ಲಾ! ಬಾಯಿ ಸಿಹಿ ಮಾಡ್ಸಿ!"

ಸಭೆಯೆಲ್ಲ ಓ ಎಂದಿತು. ರುದ್ರಪ್ಪನವರಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಅವರಿಗೆ ಈ ಸುದ್ದಿ ಗೊತ್ತಿರಲಿಲ್ಲ. ಮೂರು ತಿಂಗಳು ತುಂಬುವವರೆಗೆ ನಮ್ಮ ಕಡೆ ಯಾರೂ ಬಾಯಿ ಬಿಡುವುದಿಲ್ಲ. ಅವಳು ಗಂಡನಿಗೆ ಮಾತ್ರ ಹೇಳಿದ್ದಳು. ಆಮೇಲೆ ಅವರ ಮುಖದಲ್ಲಿ ನಗು ಹರಡಿತು. ಅಕ್ಕಪಕ್ಕದವರು ಕೈ ಕುಲುಕಿದರು. ನಾನೂ ಹಲ್ಲು ಕಿರಿದೆ.

ಗೋಡೆಯ ಮೇಲೆ ಕಮಲಾಕ್ಷಿ ಇನ್ನೂ ಮಾತಾಡುತ್ತಿದ್ದಳು. ಅವಳು ಅಳುವ ಭಾಗ ಬಂತು. ನೋಡುತ್ತಿದ್ದ ಭಾಗ್ಯಳ ಮುಖ ಬಿಗಿಯಾಯಿತು. ಅವಳು ಜನರ ನಡುವೆ ನುಗ್ಗಿ ಬಂದು ಪ್ರೊಜೆಕ್ಟರಿನ ಮುಂದೆ ನಿಂತು ಅದರ ಗಾಜಿಗೆ ಎರಡೂ ಅಂಗೈ ಅಡ್ಡ ಹಿಡಿದಳು. ಗೋಡೆ ಕಪ್ಪಾಯಿತು. ಇನ್ನೊಬ್ಬರ ಮನೆಯ ಮಾತು ಕಿವಿಗೆ ಬಿದ್ದರೆ ನಾವು ರೇಡಿಯೊ ಜೋರು ಮಾಡುತ್ತೇವೆ, ಎದ್ದು ಹೋಗುತ್ತೇವೆ. ಅವಳು ಬೆಳಕನ್ನು ಮುಚ್ಚಿದಳು. ನನಗೆ ಆಗಲೂ ತಿಳಿಯಲಿಲ್ಲ. "ಏನಮ್ಮ ಇದು, ಲೆನ್ಸು ಬಿಸಿ ಇದೆ, ಸರಿ ಪಕ್ಕಕ್ಕೆ" ಎಂದು ಗದರಿದೆ. ಅವಳು ಅಂಗೈ ತೆಗೆಯಲಿಲ್ಲ.

ರುದ್ರಪ್ಪನವರು ಎದ್ದು ಬಂದರು. "ಇನ್ನೇನಂದ್ಲು ಈರಣ್ಣ? ನಮ್ ಹುಡುಗಿ ಯಾಕೆ ಅತ್ಲು?"

"ಬುಡಿ ಅಣ್ಣ, ಏನೋ ಗಂಡ ಹೆಂಡ್ರು ಮಾತು" ಎಂದ ಈರಣ್ಣ.

"ನನ್ ಸೊಸೆ ಕಣಪ್ಪ. ನಮ್ಮಿಂದ ಏನಾರ ತೆಪ್ಪಾಗಿದ್ರೆ ತಿಳೀಬೇಕಲ್ಲ. ಹೇಳು."

ಈರಣ್ಣ ನೆಲ ನೋಡುತ್ತಾ ಹೇಳಿದ. ಭಾಗ್ಯಳಿಂದ ಕೇಳಿದ್ದನ್ನೂ ತಾನೇ ಕಂಡದ್ದನ್ನೂ ಸೇರಿಸಿ ಹೇಳಿದ. "ಮಗು ನಮ್ ಥರಾನೆ ಹುಟ್ಲಿ ಅಂತ ಬೇಡ್ಕತೀನಿ ಅಂದ್ಲು. ಕಿವಿ ಕೇಳೋ ಮಗು ಹುಟ್ಟಿದ್ರೆ ಅದು ಅತ್ತೆಗೆ ಮಗು ಆಯ್ತದೆ, ಮಾವನಿಗೆ ಮಗು ಆಯ್ತದೆ. ಅವ್ರೆಲ್ಲ ಅದರ ಜೊತೆ ಮಾತಾಡ್ತಾರೆ. ನಾನು ಅದಕ್ಕೆ ಹಾಲು ಕುಡ್ಸೋಳಷ್ಟೆ ಆಯ್ತೀನಿ ಅಂದ್ಲು."

ಹತ್ತಿರ ನಿಂತಿದ್ದವರಿಗೆಲ್ಲ ಕೇಳಿಸಿತು. ಯಾರೋ ಲೊಚಗುಟ್ಟಿದರು. ರುದ್ರಪ್ಪನವರು ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು, ಯಾರ ಕಡೆಯೂ ನೋಡದೆ ಹೊರಟುಹೋದರು. ನನ್ನ ಕೈಯಲ್ಲಿ ಆ ಕೋಲು ಇನ್ನೂ ಇತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತನ್ನು ಮೊದಲು ಆಡಿದವರಿಗೆ ಇಂಥದ್ದೇ ಏನೋ ಆಗಿರಬೇಕು. ಐದು ಫ್ರೇಮಿನಲ್ಲಿ ಅವಳ ಗುಟ್ಟು ಅವಳದಾಗಿಯೇ ಇತ್ತು. ಅದನ್ನು ಓದುವಂತೆ ಮಾಡಿದ್ದು ನಾನು ದುರಸ್ತಿ ಮಾಡಿದ ಹದಿನೈದು.

ಆ ಭಾನುವಾರ ರುದ್ರಪ್ಪನವರಿಂದ ಅಂಗಡಿಗೆ ಫೋನು ಬಂತು. ಕ್ಯಾಮೆರಾ ಕೆಟ್ಟಿದೆ, ಬಾ ಎಂದರು. ಹೋದೆ. ಹಜಾರದಲ್ಲಿ ಕಂಪ್ಯೂಟರು ನಡೆಯುತ್ತಿತ್ತು. ಪರದೆಯ ಮೇಲೆ ಮಂಜುನಾಥ ಎರಡೂ ಕೈಯಿಂದ ಏನೋ ಕೇಳುತ್ತಿದ್ದ, ಮತ್ತೆ ಮತ್ತೆ. ಕಮಲಾಕ್ಷಿ ಕ್ಯಾಮೆರಾದ ಮುಂದೆ ಕುಳಿತಿದ್ದಳು. ಎರಡೂ ಕೈ ಸೆರಗಿನೊಳಗೆ. ಭಾಗ್ಯ ಬಂದು ಎಲ್ಲ ಹೇಳಿ ಹೋಗಿದ್ದಳಂತೆ.

"ನೋಡಪ್ಪ, ಏನಾಗಿದೆ ಅಂತ. ಅವಳು ಮಾತಾಡ್ತಿಲ್ಲ" ಎಂದರು ರುದ್ರಪ್ಪ. ಕ್ಯಾಮೆರಾ ಕೆಟ್ಟಿಲ್ಲವೆಂದು ಅವರಿಗೂ ಗೊತ್ತಿತ್ತು. ಕೌಂಟರು ನೋಡಿದೆ. ಹದಿನೈದು. ಅಭ್ಯಾಸ ಬಲದಿಂದ ವೈರುಗಳನ್ನು ಅದುಮಿದೆ, ಲೆನ್ಸು ಒರೆಸಿದೆ. ಒರೆಸುವಾಗ ಅವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನಾನು ಮುಖ ತಿರುಗಿಸಿದೆ.

ಮಂಡಿಯ ಜಗಲಿಗೆ ಬಂದು ಕುಳಿತೆವು. ರುದ್ರಪ್ಪನವರು ಹೇಳಿದರು. "ಅವತ್ತು ನಾನು ಕೇಳ್ಬಾರದಿತ್ತು ಕಣಪ್ಪ. ಈರಣ್ಣ ಬುಡಿ ಅಂದ, ನಾನು ಬುಡಲಿಲ್ಲ. ಮನೇಲಿ ನಮ್ಮೋಳು, ನಾನೇನು ಮಗೂನ ಕಿತ್ಕಳೋಳಾ ಅಂತ ಅಳ್ತವ್ಳೆ. ಕಮಲಾಕ್ಷಿ ಹೇಳಿದ್ರಾಗೆ ಸುಳ್ಳೇನಿದೆ? ಮೂರು ವರ್ಷದಿಂದ ಮನೇಲವ್ಳೆ. ನಾವು ಒಂದ್ ಐದನೇ ಸನ್ನೆ ಕಲೀಲಿಲ್ಲ."

"ತಪ್ಪು ನನ್ನದು ಯಜಮಾನ್ರೇ" ಎಂದೆ. ಅವರು ಇಲ್ಲ ಎನ್ನಲಿಲ್ಲ. ಎಂದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಕಂಪ್ಯೂಟರನ್ನು ಅವಳ ಕೋಣೆಗೇ ಹಿಂದಕ್ಕೆ ಇಡಬೇಕು, ಬಾಗಿಲು ಹಾಕಿಕೊಳ್ಳುವ ಹಾಗಿರಬೇಕು, ಆದರೆ ಅಲ್ಲಿ ಬೆಳಕಿಲ್ಲ ಎಂದು ವಿವರಿಸಿದೆ. ಅವರು ಎದ್ದು ಒಳಗೆ ಹೋಗಿ ಅಟ್ಟವನ್ನು ತಲೆಯೆತ್ತಿ ನೋಡಿದರು. ಆಮೇಲೆ ಮಂಡಿಯ ಆಳುಗಳನ್ನು ಕರೆದರು. ಇನ್ನೂ ಒಣಗದ ಕಾಯಿಯನ್ನು ಮುಟ್ಟಬಾರದು, ಜಾಗ ಬದಲಿಸಿದರೆ ಕೊಳೆಯುತ್ತದೆ ಎಂದು ಅವರೇ ಊರಿಗೆಲ್ಲ ಬುದ್ಧಿ ಹೇಳುವವರು. ಆಳುಗಳೂ ಅದನ್ನೇ ಹೇಳಿದರು.

"ಇಳಿಸ್ರಲಾ. ಕಾಯಿ ಇನ್ನೊಂದ್ ಅಟ್ಟದಾಗೂ ಒಣಗ್ತದೆ" ಎಂದರು.

ಎರಡು ದಿನ ಕಾಯಿ ಇಳಿಯಿತು. ಕೋಣೆಯ ಮೇಲಿನ ಅಟ್ಟದ ಹಲಗೆಗಳನ್ನು ಕಿತ್ತು, ಮೇಲಿನ ಹೆಂಚುಗಳಲ್ಲಿ ಕೆಲವನ್ನು ತೆಗೆದು ಗಾಜಿನ ಹೆಂಚು ಕೂರಿಸಿದರು. ವೈರು ಬೇಡ, ದೀಪ ಬೇಡ. ಅಷ್ಟು ಸರಳವಾದ ಉಪಾಯ ಮೊದಲ ದಿನವೇ ಹೊಳೆಯಬೇಕಾಗಿತ್ತು. ಆಗ ನಾನು ಆ ಹೆಣ್ಣುಮಗಳಿಗೆ ಬಾಗಿಲು ಮುಖ್ಯ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಶನಿವಾರ ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು ಎಲ್ಲ ರೆಕಾರ್ಡಿಂಗುಗಳನ್ನೂ ಅವಳು ನೋಡುತ್ತಿದ್ದ ಹಾಗೆಯೇ ಅಳಿಸಿದೆ. ಪ್ರದರ್ಶನದ 'ಒಳ್ಳೆ ಸ್ಯಾಂಪಲ್' ಎಂದು ಸದಾಶಿವಯ್ಯ ಎತ್ತಿಟ್ಟುಕೊಂಡಿದ್ದ ಸಿ.ಡಿ.ಯನ್ನು ಜಗಳವಾಡಿ ಇಸಿದುಕೊಂಡು ತಂದಿದ್ದೆ. ಅದನ್ನು ಅವಳ ಕೈಗೇ ಕೊಟ್ಟೆ. ಅವಳು ಅದನ್ನು ಎರಡು ತುಂಡು ಮಾಡಿದಳು. ಅವಳಿಗೆ ಕನ್ನಡ ಬರೆಯಲು ಬರುತ್ತಿತ್ತು, ಕಾಗದ ಪೆನ್ನು ಮುಂದಿಟ್ಟು ಕೇಳಬಹುದು ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಒಂದು ಕಾಗದದ ಮೇಲೆ 'ಇಷ್ಟೇನಾ?' ಎಂದು ಬರೆದು ನನ್ನ ಮುಂದಿಟ್ಟಳು.

ಇಷ್ಟೇ ಎಂದು ತಲೆ ಆಡಿಸಿದ್ದರೆ ಮುಗಿದುಹೋಗುತ್ತಿತ್ತು. ನನ್ನ ತಲೆ ಆಡಲಿಲ್ಲ. ಹೊರದೇಶದ ಕಂಪನಿಗೆ ಒಂದು ತುಣುಕು ಕಳಿಸಿದ್ದೇನೆ, ಅದನ್ನು ಹಿಂದಕ್ಕೆ ತರಿಸಲು ಆಗುವುದಿಲ್ಲ ಎಂದು ಬರೆದೆ. ಅವಳು ಅದನ್ನು ಓದಿದಳು. ಕೆಳಗೆ ಬರೆದಳು: 'ಅಲ್ಲಿ ಯಾರಿಗಾದರೂ ಕೈಮಾತು ಬರುತ್ತದಾ?' ನಾನು ಬರೆದೆ: 'ಗೊತ್ತಿಲ್ಲ.' ಅವಳು ಪೆನ್ನಿನ ಮುಚ್ಚಳ ಹಾಕಿದಳು. ಕ್ಷಮಿಸಿ ಎಂದು ಬರೆಯೋಣವೆಂದರೆ ಪೆನ್ನು ಅವಳ ಕೈಯಲ್ಲಿತ್ತು, ಕೇಳಲು ನನಗೆ ಮುಖವಿರಲಿಲ್ಲ.

ಭಾನುವಾರ ಹನ್ನೊಂದಕ್ಕೆ ಗಾಜಿನ ಹೆಂಚಿನಿಂದ ಬಿಸಿಲು ನೇರ ಅವಳ ಕುರ್ಚಿಯ ಮೇಲೆ ಬೀಳುತ್ತಿತ್ತು. ಮಂಜುನಾಥನ ಮುಖ ಬಂದ ಕೂಡಲೇ ನಾನು ಕೌಂಟರು ನೋಡಲು ಬಗ್ಗಿದೆ. ಅವಳು ಮಾನಿಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು ನನಗೆ ಬಾಗಿಲು ತೋರಿಸಿದಳು. ಹೊರಗೆ ಬಂದೆ. ಒಳಗಿನಿಂದ ಅಗಳಿ ಬಿತ್ತು.

ಫ್ರೇಮ್ ರೇಟ್ ಎಷ್ಟು ಬರುತ್ತಿದೆ ಎಂದು ನನಗೆ ತಿಳಿಯಬೇಕಲ್ಲ! ಬಾಗಿಲ ಹತ್ತಿರವೇ ನಿಂತೆ. ಸ್ವಲ್ಪ ಹೊತ್ತು ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಬಳೆ ಸದ್ದು ಬಂತು. ಮೊದಲು ಬಿಟ್ಟು ಬಿಟ್ಟು ಬಂತು, ಆಮೇಲೆ ನಿಲ್ಲದೆ ಬಂತು. ಐದು ಫ್ರೇಮಿನ ದಿನಗಳಲ್ಲಿ ಅವಳು ಹೇಳಿದ್ದನ್ನೇ ಹೇಳಿ ನಿಲ್ಲಿಸುತ್ತಿದ್ದಳು. ಈಗ ನಿಲ್ಲಿಸುತ್ತಿರಲಿಲ್ಲ. ಕೇಸು ಮುಗಿಯಿತು, ಸರಿಹೋಗಿದೆ ಎಂದು ಒಂದು ಕ್ಷಣ ಹಿಗ್ಗಿದೆ. ಮರುಕ್ಷಣವೇ ಇನ್ನೊಂದು ಹೊಳೆಯಿತು. ತನ್ನ ಬಳೆ ಸದ್ದು ಮಾಡುತ್ತದೆಂದು ಅವಳಿಗೆ ತಿಳಿಯುವುದು ಹೇಗೆ? ನಾನು ಮತ್ತೆ ಅವಳ ಮಾತಿಗೆ ಕಿವಿಯಿಟ್ಟು ನಿಂತಿದ್ದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬೀದಿಗೆ ಬಂದೆ, ಬೈಕಿನ ಹತ್ತಿರ ಹೋಗಿ ನಿಂತೆ.

ಆಮೇಲೂ ಬಹಳ ವರ್ಷ ಇದೇ ಕೆಲಸ ಮಾಡಿದೆ. ಎಷ್ಟೋ ಕ್ಯಾಮೆರಾ, ಎಷ್ಟೋ ಡ್ರೈವರು ಕೂರಿಸಿದೆ. ಪರೀಕ್ಷೆಗೆ ಚಿತ್ರ ಬೇಕಾದರೆ ನನ್ನ ಮುಖವನ್ನೇ ತೋರಿಸಿಕೊಳ್ಳುತ್ತೇನೆ. ಯಂತ್ರ ಕೊಂಡವರನ್ನು ಕೇಳಿ ಕೆಲಸ ಶುರು ಮಾಡುವುದಲ್ಲ, ಅದರ ಮುಂದೆ ಕೂರುವವರನ್ನು ಕೇಳಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಹೊಸ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಹೇಗೆ ಕಲಿತಿರಿ ಎಂದು ಅವರು ಕೇಳಿದಾಗ ಮಾತ್ರ ವಿಷಯ ಬದಲಿಸುತ್ತೇನೆ.

ಮುಂದೆ ಪುಣೆಯಲ್ಲಿ ಮನೆ ಗೊತ್ತಾಯಿತು, ಹೆರಿಗೆಗೆ ಮೊದಲೇ ಮಂಜುನಾಥ ಬಂದು ಕಮಲಾಕ್ಷಿಯನ್ನು ಕರೆದುಕೊಂಡು ಹೋದ. ಅಷ್ಟು ಹೊತ್ತಿಗೆ ಅತ್ತೆ ಮಾವ ಇಬ್ಬರೂ ಭಾಗ್ಯಳನ್ನು ಮನೆಗೆ ಕರೆಸಿಕೊಂಡು ಕೈಮಾತು ಕಲಿಯತೊಡಗಿದ್ದರು. ಹೆರಿಗೆಯ ಸುದ್ದಿ ಬಂದ ದಿನ ರುದ್ರಪ್ಪನವರು ಪೇಡದ ಡಬ್ಬಿ ಹಿಡಿದು ಅಂಗಡಿಗೆ ಬಂದರು. "ಹೆಣ್ಮಗು ಕಣಪ್ಪ" ಎಂದರು, ಒಂದು ಕೈ ಎದೆಯ ಹತ್ತಿರ ತಂದು ಮಗುವಿನ ಸನ್ನೆಯನ್ನೂ ಮಾಡಿದರು. ಕಿವಿ ಕೇಳುತ್ತದಾ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪೇಡ ಬಾಯಿಗೆ ಹಾಕಿಕೊಂಡು ಸುಮ್ಮನಾದೆ.